ಕಿವಿಗಲ್ಲು

ಬೆಳಗಿನ ನಾಲ್ಕಕ್ಕೇ ಮದೇರಾ ದಂಡೆಯ ಮೀನುಕಟ್ಟೆಯಲ್ಲಿ
ದೀಪ ಹತ್ತುತ್ತದೆ, ಮಂಜುಗಡ್ಡೆ ಒಡೆಯುವ ಸದ್ದು.
ನಾನು ಮೀನು ಕೊಳ್ಳುವವನಲ್ಲ, ತಲೆ ಬೇಡುವವನು.
ಜುಲ್ಮೀರಾಗೆ ಗೊತ್ತು. ಗಿರಾಕಿಗಳು ಬೇಡವೆಂದದ್ದನ್ನೆಲ್ಲ
ನೀಲಿ ಬಕೆಟ್ಟಿನಲ್ಲಿ ಎತ್ತಿಟ್ಟು
ಪಕ್ಕದ ಅಂಗಡಿಗೆ ಕೇಳುವಂತೆ ಕೂಗುತ್ತಾಳೆ:
'ಬಂದ ನೋಡಿ, ತಲೆ ತಿನ್ನುವವ!'

ಬುರುಡೆಯ ಸಂದಿಗೆ ಚಾಕುವಿನ ತುದಿ ಇಳಿಸಿದರೆ
ಒಳಗೆ, ಮೆದುಳಿನ ಮಗ್ಗುಲಲ್ಲಿ, ಕಲ್ಲು.
ಎಡಕ್ಕೊಂದು, ಬಲಕ್ಕೊಂದು.
ಆಳುದ್ದ ಬೆಳೆಯುವ ಡೊರಾಡಾ, ಮೀಸೆಯ ಮೀನು,
ಅದರ ಕಿವಿಗೆ ಅಕ್ಕಿನುಚ್ಚಿನಷ್ಟು ಕಲ್ಲು.
ಮೇಲು ಯಾವುದು, ಕೆಳಗು ಯಾವುದು
ಅದು ತಿಳಿಯುವುದು ಇದರಿಂದಲೇ.
ಅಂದಂದು ಈಜಿದ ನೀರನ್ನು ಅಂದಂದೇ ಕಲ್ಲಾಗಿಸಿ
ಪದರದ ಮೇಲೆ ಪದರ ಬರೆದಿಟ್ಟುಕೊಳ್ಳುತ್ತದೆ.

ನೀರಲ್ಲಿ ಮೀನಿನ ಹೆಜ್ಜೆ ಉಳಿಯದು ಅನ್ನುತ್ತಾರೆ.
ಉಳಿಯುತ್ತದೆ, ಕಿವಿಯೊಳಗೆ.
ನದಿಮೂಲ ಕೇಳಬಾರದು ಅಂತಲೂ ಅನ್ನುತ್ತಾರೆ.
ನನಗೆ ಸಂಬಳ ಕೊಡುವುದೇ ಅದನ್ನು ಕೇಳುವುದಕ್ಕೆ.

ಲ್ಯಾಬಿನಲ್ಲಿ ಅಂಟಿನಲ್ಲಿ ಹುದುಗಿಸಿ, ಉಜ್ಜಿ ಉಜ್ಜಿ
ಬೆಳಕು ಹಾಯುವಷ್ಟು ತೆಳ್ಳಗಾದ ಮೇಲೆ
ಲೇಸರ್ ಒಂದು ಗೆರೆ ಎಳೆಯುತ್ತದೆ
ನಡುವಿನಿಂದ ಅಂಚಿಗೆ,
ಹುಟ್ಟಿನಿಂದ ಜುಲ್ಮೀರಾಳ ಚಾಕುವಿನ ತನಕ.
ಪರದೆಯ ಮೇಲೆ ಸ್ಟ್ರಾನ್ಷಿಯಂ ಹೇಳುತ್ತದೆ:
ಇಲ್ಲಿ ಆಂಡೀಸಿನ ಬೆಟ್ಟದ ತೊರೆ.
ಇಲ್ಲಿ ಇಳಿಜಾರು, ಬಯಲು, ಕೆಸರು.
ಇಲ್ಲಿ, ಮೂರು ಸಾವಿರ ಕಿಲೋಮೀಟರು ಕೆಳಗೆ,
ನಾಲಿಗೆಗೆ ಉಪ್ಪು.
ಆಮೇಲೆ ಯಾರೋ ಹೆಸರು ಹಿಡಿದು ಕರೆದ ಹಾಗೆ
ಗೆರೆ ತಿರುಗಿ ಮೇಲಕ್ಕೆ ಹತ್ತುತ್ತದೆ.

ನೂರಾ ಹದಿನೇಳನೆಯ ಮಾದರಿ ಹತ್ತಿತು, ಹತ್ತಿತು,
ಅರ್ಧಕ್ಕೇ ಮಲಗಿಬಿಟ್ಟಿತು.
ಅಣೆಕಟ್ಟಿನ ಗೋಡೆಯ ಕೆಳಗಿನ ನೀರು, ಅದೇ ನೀರು,
ಎರಡು ವರ್ಷ.
'ಕಾಯುತ್ತಿತ್ತು' ಎಂದು ಬರೆದೆ, ಪುಟ ಎಂಬತ್ತನಾಲ್ಕರಲ್ಲಿ.
ಪ್ರೊಫೆಸರ್ ಇವನಿಲ್ಡೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು:
'ಮೀನು ಕಾಯುವುದಿಲ್ಲ. ಮೌಲ್ಯ ಸ್ಥಿರವಾಗಿತ್ತು ಅನ್ನು.
ಮಾದರಿಗಳು ಸಾಲವು, ಇನ್ನಷ್ಟು ತಲೆ ತಾ.'
ಸರಿಯೇ ಅವರು. ತಿದ್ದಿದೆ.

ತಲೆಗಾಗಿ ಹೋದರೆ ಜುಲ್ಮೀರಾ ಸ್ಟೂಲಿನ ಮೇಲೆ ಕೂತಿದ್ದಳು
ಎರಡೂ ಕೈಯಲ್ಲಿ ಹಲಗೆ ಹಿಡಿದು.
ನೆಲ ತಿರುಗುತ್ತಿದೆಯಂತೆ. ಹೊಸ ಕಾಲೊನಿಗೆ ಸಾಗಿಸಿದಂದಿನಿಂದ,
ಟೈಲ್ಸ್ ಹಾಕಿದ, ಎಲ್ಲೂ ಅಲುಗದ ಮನೆಯಲ್ಲಿ
ಮಲಗಿದರೆ ದೋಣಿ.
'ಡಾಕ್ಟರು ಹೇಳಿದ: ಕಿವಿಯೊಳಗಿನ ಕಲ್ಲು ಜಾಗ ತಪ್ಪಿವೆ ಅಂತ.
ನನಗೂ ಇವೆಯಂತಲ್ಲೋ! ಓದು ಹಾಗಾದರೆ.'

ಮನುಷ್ಯರದು ಬರೀ ಪುಡಿ, ಅಂದೆ.
ಪದರ ಇಲ್ಲ. ಏನೂ ಬರೆದಿರುವುದಿಲ್ಲ.

'ಸುಳ್ಳು' ಅಂದಳು, ಚಾಕು ಒರೆಸುತ್ತ.
'ನಮ್ಮ ಜಲಪಾತ ಮುಳುಗಿದ ರಾತ್ರಿ
ಧಡಕ್ಕನೆ ಎದ್ದು ಕೂತೆ. ಸದ್ದಿಗಲ್ಲ,
ಸದ್ದು ನಿಂತದ್ದಕ್ಕೆ.
ಹೊರಗೆ ಬಂದರೆ ಕೇರಿಯ ನಾಯಿಗಳೆಲ್ಲ ಎದ್ದು ನಿಂತಿದ್ದವು,
ಒಂದೂ ಬೊಗಳಲಿಲ್ಲ.'

ಏನು ಹೇಳಲಿ. ಜೇಬಿನಿಂದ
ನೂರಾ ಹದಿನೇಳರ ಗಾಜು ತೆಗೆದು ದೀಪಕ್ಕೆ ಹಿಡಿದೆ:
ಇದು ಬೆಟ್ಟ, ನೋಡು. ಈ ಕಪ್ಪು ಬಳೆ ಸಮುದ್ರ.
ಇದು... ಇಲ್ಲಿ ಸ್ಥಿರವಾಗಿತ್ತು.
'ಕಾಯುತ್ತಿತ್ತು' ಅಂದಳು.
ಗಾಜನ್ನು ನನ್ನ ಕೈಯಿಂದ ತೆಗೆದುಕೊಂಡಳು.
ಕಣ್ಣಿಗೆ ಹಿಡಿಯಲಿಲ್ಲ, ಕಿವಿಗೆ ಹಿಡಿದಳು.

ಅಷ್ಟರಲ್ಲಿ ಗಿರಾಕಿ ಬಂದ.
ಒಂದೂವರೆ ಕಿಲೋ, ತಲೆ ಬೇಡ.